ಶುಂಠಿ ಡ್ರಮ್ಮಿನ ನೀರು: ಕುಲಾಂತರಿ ಸೊಳ್ಳೆಯ ಒಂದು ಪ್ರಕರಣ ಅಧ್ಯಯನ

ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದು ಆಲೂರು ಕಡೆ ಕುಲಾಂತರಿ ಸೊಳ್ಳೆ, ಅಂದರೆ ಡೆಂಗಿ ಹರಡುವ ಸೊಳ್ಳೆಯ ಸಂತತಿ ಕುಗ್ಗಿಸಲು ಜೀನು ಮಾರ್ಪಡಿಸಿದ ಸೊಳ್ಳೆ, ಬಿಟ್ಟವರ ಕತೆಯಲ್ಲ. ಹಾಸನದಲ್ಲಿ ಸಮುದಾಯ ವೈದ್ಯಶಾಸ್ತ್ರ ಪಾಠ ಮಾಡುವ ನಾನು ನನ್ನ ಐವರು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೊಟ್ಟ ಕಸರತ್ತು ಇದು. "ಕುಲಾಂತರಿ ಸೊಳ್ಳೆ ಬಿಡುತ್ತೇವೆ ಅಂತ ಒಂದು ಅರ್ಜಿ ಜಿಲ್ಲಾಧಿಕಾರಿಗಳ ಮೇಜಿಗೆ ಬಂದಿದೆ ಅಂದುಕೊಳ್ಳಿ. ಜನರ ಆರೋಗ್ಯಕ್ಕೆ ಏನಾಗಬಹುದು ಅಂತ ಜಿಲ್ಲಾ ಸಮಿತಿ ನಿಮ್ಮನ್ನು ಕೇಳಿದೆ. ಆರು ವಾರದಲ್ಲಿ ಬರೆದುಕೊಡಿ." ಪ್ರಶ್ನೆ ಇಷ್ಟೇ. ಅರ್ಜಿ ಕಲ್ಪನೆಯದು. ಊರು, ಡ್ರಮ್ಮು, ಜನರ ಮಾತು ಮಾತ್ರ ನಾವು ಹೋಗಿ ನೋಡಿ ಕೇಳಿದ್ದು. ಊರಿನ ಹೆಸರು ಬರೆಯುವುದಿಲ್ಲ.

ಜಿಲ್ಲಾ ಸಮಿತಿ ಎಂದದ್ದು ಬಾಯಿಗೆ ಬಂದ ಹೆಸರಲ್ಲ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಬಂದ ನಿಯಮಗಳ ಪ್ರಕಾರ ಕುಲಾಂತರಿ ಜೀವಿಯನ್ನು ಬಯಲಿಗೆ ಬಿಡಬೇಕಾದರೆ ದೆಹಲಿಯ ಜಿಇಎಸಿ, ಅಂದರೆ ಕುಲಾಂತರಿ ಜೀವಿಗಳ ಅರ್ಜಿ ಪರಿಶೀಲಿಸುವ ಕೇಂದ್ರದ ಸಮಿತಿ, ಒಪ್ಪಬೇಕು. ಅದೇ ನಿಯಮಗಳಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಒಂದು ಜಿಲ್ಲಾ ಮಟ್ಟದ ಸಮಿತಿಯೂ ಇದೆ. ಆರೋಗ್ಯ, ಕೃಷಿ, ಮಾಲಿನ್ಯ ನಿಯಂತ್ರಣ ಮಂಡಳಿಯವರೆಲ್ಲ ಅದರಲ್ಲಿರಬೇಕು. ಬಿಟಿ ಹತ್ತಿ, ಬಿಟಿ ಬದನೆ ಗಲಾಟೆಯ ಕಾಲದಲ್ಲಿ ಜಿಇಎಸಿ ಹೆಸರು ಎಲ್ಲರ ಕಿವಿಗೂ ಬಿದ್ದಿತ್ತು. ಸೊಳ್ಳೆಗೂ ಅದೇ ದಾರಿ. ಕುಲಾಂತರಿ ಕೀಟಗಳಿಗೆಂದೇ ಜೈವಿಕ ತಂತ್ರಜ್ಞಾನ ಇಲಾಖೆ 2023ರಲ್ಲಿ ಪ್ರತ್ಯೇಕ ಮಾರ್ಗಸೂಚಿ ತಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ 2014ರದು, 2021ರಲ್ಲಿ ಪರಿಷ್ಕರಣೆಯಾಗಿದೆ. ಮೊದಲು ಪ್ರಯೋಗಾಲಯ, ಆಮೇಲೆ ಬಯಲಲ್ಲಿ ಪರದೆ ಕಟ್ಟಿದ ಪಂಜರ, ಆಮೇಲೆ ಸಣ್ಣ ಜಾಗದಲ್ಲಿ ಬಿಡುಗಡೆ, ಕೊನೆಗೆ ವ್ಯಾಪಕ ಬಳಕೆ ಮತ್ತು ನಿಗಾ: ಇದು ಅದರ ಮೆಟ್ಟಿಲು. ನಮ್ಮ ದೇಶ ಎರಡನೇ ಮೆಟ್ಟಿಲ ತನಕ ಹೋಗಿದೆ. 2017ರ ಜನವರಿಯಲ್ಲಿ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ದಾವಲ್‌ವಾಡಿಯಲ್ಲಿ ಆಕ್ಸಿಟೆಕ್ ಕಂಪನಿಯ ಸೊಳ್ಳೆಗಳ ಪಂಜರ ಪ್ರಯೋಗ ಶುರುವಾಗಿತ್ತು.

ಯಾಕೆ ಈ ಊರು? ಡೆಂಗಿಯಿಂದ. 2024ರ ಮಳೆಗಾಲವನ್ನು ಹಾಸನದವರು ಮರೆತಿಲ್ಲ. ಆ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಮನೆ ಸುತ್ತ ಸೊಳ್ಳೆಮರಿ ಸಿಕ್ಕರೆ ಹಳ್ಳಿಯಲ್ಲಿ 200 ರೂಪಾಯಿ, ಪಟ್ಟಣದಲ್ಲಿ 400 ರೂಪಾಯಿ ದಂಡ ಅಂತ ಮಾಡಿತು. ದಂಡದ ಮಾತಿಗೆ ಊರಿನವರು ನಕ್ಕರು. ನಲ್ಲಿ ನೀರು ಎರಡು ದಿನಕ್ಕೊಮ್ಮೆ ಬಿಡುವ ಊರಲ್ಲಿ ನೀರು ತುಂಬಿಡದೆ ಏನು ಮಾಡುವುದು? ಮನೆಗೆ ಎರಡು ನೀಲಿ ಡ್ರಮ್ಮು, ಒಂದು ಸಿಮೆಂಟು ತೊಟ್ಟಿ. ಒಂದು ಕಡೆ ಕಾಫಿ ತೋಟ, ಇನ್ನೊಂದು ಕಡೆ ಗದ್ದೆ, ಜೋಳ, ಶುಂಠಿ. ಈಡಿಸ್ ಸೊಳ್ಳೆಗೆ ಇದಕ್ಕಿಂತ ಒಳ್ಳೆ ಬಾಣಂತನದ ಮನೆ ಇನ್ನೆಲ್ಲಿ.

ಸೊಳ್ಳೆ ಎಂಥದು

ಕಸರತ್ತಿಗೆ ನಾವು ಆರಿಸಿಕೊಂಡದ್ದು ಅದೇ ಆಕ್ಸಿಟೆಕ್ ಕಂಪನಿಯ ಓಎಕ್ಸ್5034 ಎಂಬ ತಳಿ. ಅಮೆರಿಕದ ಫ್ಲಾರಿಡಾ ಕೀಸ್ ದ್ವೀಪಗಳಲ್ಲಿ 2021ರಲ್ಲಿ ಬಿಟ್ಟದ್ದು ಇದನ್ನೇ. ಮೊಟ್ಟೆಗಳನ್ನು ಪೆಟ್ಟಿಗೆಯಲ್ಲಿಟ್ಟು ನೀರು ಹಾಕುತ್ತಾರೆ. ಹೆಣ್ಣುಮರಿಗಳು ಮರಿಯಾಗಿರುವಾಗಲೇ ಸಾಯುತ್ತವೆ, ಗಂಡು ಮಾತ್ರ ರೆಕ್ಕೆ ಬಂದು ಹಾರುತ್ತವೆ. ಗಂಡು ಸೊಳ್ಳೆ ರಕ್ತ ಕುಡಿಯುವುದಿಲ್ಲ, ಅದರ ಬಾಯಿ ಚರ್ಮ ಚುಚ್ಚುವಂಥದ್ದೇ ಅಲ್ಲ. ಅದು ಊರಿನ ಹೆಣ್ಣು ಸೊಳ್ಳೆಯನ್ನು ಕೂಡಿದರೆ ಹುಟ್ಟುವ ಹೆಣ್ಣುಮರಿಗಳು ಮತ್ತೆ ಸಾಯುತ್ತವೆ. ಗಂಡುಮರಿಗಳು ಉಳಿದು ಆ ಗುಣವನ್ನು ಕೆಲವು ತಲೆಮಾರು ದಾಟಿಸುತ್ತವೆ, ಆಮೇಲೆ ಅದು ತಾನಾಗಿ ಕಡಿಮೆಯಾಗುತ್ತಾ ಹೋಗುತ್ತದೆ. ಜೊತೆಗೆ ಸೂಕ್ಷ್ಮದರ್ಶಕದಲ್ಲಿ ಕೆಂಪಗೆ ಹೊಳೆಯುವ ಒಂದು ಗುರುತಿನ ಪ್ರೋಟೀನು ಸೇರಿಸಿರುತ್ತಾರೆ. ಮರಿ ಹಿಡಿದು ನೋಡಿದರೆ ಇದು ನಮ್ಮದೋ ಊರಿನದೋ ಗೊತ್ತಾಗಲಿ ಅಂತ.

ಹೆಣ್ಣುಮರಿಗಳು ಯಾಕೆ ಸಾಯುತ್ತವೆ ಎನ್ನುವುದರಲ್ಲೇ ನಮ್ಮ ಇಡೀ ಪ್ರಕರಣ ಕೂತಿದೆ. ಮರಿಯ ಜೀವಕೋಶದಲ್ಲಿ ಟಿಟಿಎವಿ ಎಂಬ ಪ್ರೋಟೀನು ಅಳತೆ ಮೀರಿ ತಯಾರಾಗಿ ಜೀವಕೋಶದ ಉಳಿದ ಕೆಲಸವೆಲ್ಲ ನಿಂತುಹೋಗುತ್ತದೆ. ಅದಕ್ಕೊಂದು ಕಡಿವಾಣ ಇದೆ: ಟೆಟ್ರಾಸೈಕ್ಲಿನ್ ಎಂಬ ಆಂಟಿಬಯಾಟಿಕ್. ನೀರಿನಲ್ಲಿ ಆ ಔಷಧ ಇದ್ದರೆ ಟಿಟಿಎವಿ ಸುಮ್ಮನಾಗುತ್ತದೆ, ಹೆಣ್ಣುಮರಿ ಬದುಕುತ್ತದೆ. ಕಾರ್ಖಾನೆಯಲ್ಲಿ ತಳಿ ಉಳಿಸಿಕೊಳ್ಳಲು ಹಾಗೇ ಸಾಕುತ್ತಾರೆ. ಹಿಂದಿನ ತಳಿ ಓಎಕ್ಸ್513ಎ ಸಾಕುವಾಗ ಲೀಟರ್ ನೀರಿಗೆ ಸುಮಾರು 30 ಮಿಲಿಗ್ರಾಂ ಟೆಟ್ರಾಸೈಕ್ಲಿನ್ ಬೆರೆಸುತ್ತಿದ್ದರು. ಈ 30 ನೆನಪಿರಲಿ.

ಮೊದಲ ಎರಡು ವಾರ ವಿದ್ಯಾರ್ಥಿಗಳು ಕಾಗದದಲ್ಲೇ ಮುಳುಗಿದ್ದರು. ಮೊದಲ ಕರಡಿನಲ್ಲಿ ಅಪಾಯಗಳ ಪಟ್ಟಿ ಎರಡು ಪುಟ. ಕಚ್ಚಿದರೆ ಹೊಸ ಪ್ರೋಟೀನಿನಿಂದ ಅಲರ್ಜಿ ಆದೀತೇ, ಆಕಸ್ಮಿಕವಾಗಿ ಸೊಳ್ಳೆ ನುಂಗಿದರೆ ಏನು, ಮರಿ ಸತ್ತ ನೀರು ಕುಡಿದರೆ ಏನು, ಜೀನು ಮನುಷ್ಯನಿಗೆ ದಾಟೀತೇ. ಇವಕ್ಕೆಲ್ಲ ಉತ್ತರ ಕಷ್ಟವಲ್ಲ. ನುಂಗಿದ ಸೊಳ್ಳೆಯ ಪ್ರೋಟೀನು ಬೇರೆ ಯಾವ ಪ್ರೋಟೀನಿನ ಹಾಗೂ ಹೊಟ್ಟೆಯಲ್ಲಿ ಜೀರ್ಣವಾಗುತ್ತದೆ. ಹಳೇ ತಳಿಯ ಹೆಣ್ಣು ಸೊಳ್ಳೆಗಳ ಜೊಲ್ಲಿನಲ್ಲಿ ಆ ಪ್ರೋಟೀನುಗಳು ಪತ್ತೆಯಾಗುವ ಮಟ್ಟದಲ್ಲಿಲ್ಲ ಎಂಬ ಮಾಹಿತಿಯನ್ನು ಕಂಪನಿ ಅಮೆರಿಕದ ನಿಯಂತ್ರಕರಿಗೆ ಕೊಟ್ಟಿತ್ತು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ, ಆ ಹಳೇ ತಳಿಯನ್ನು ಫ್ಲಾರಿಡಾದಲ್ಲಿ ಬಿಡುವ ಪ್ರಯೋಗದಿಂದ ಪರಿಸರದ ಮೇಲೆ ಗಣನೀಯ ಪರಿಣಾಮವಿಲ್ಲ ಎಂದಿತ್ತು. ಕಂಪನಿ ಕೊಟ್ಟ ಮಾಹಿತಿ ಎನ್ನುವುದನ್ನು ಅಂಚಿನಲ್ಲಿ ಬರೆದುಕೊಳ್ಳಿ, ಮುಂದೆ ಹೋಗಿ ಅಂದೆ. ಜನ ಹೆಚ್ಚು ಹೆದರುವುದು ಇದಕ್ಕೇ, ಆದರೆ ನನ್ನ ಪ್ರಕಾರ ಇಡೀ ಕಡತದಲ್ಲಿ ಸಪ್ಪೆ ಭಾಗವೂ ಇದೇ.

ಇನ್ನೊಂದು ತೊಡಕು ಭಾಷೆಯದು. ಕೇಡು ಮಾಡಬಲ್ಲ ವಸ್ತುವಿಗೂ ಕೇಡಾಗುವ ಸಂಭವಕ್ಕೂ ನಾವು ಅಪಾಯ ಅಂತಲೇ ಹೇಳುತ್ತೇವೆ. ಕರಡು ಓದುವಾಗ ಗೊಂದಲ. ಕೊನೆಗೆ ಸಕಲೇಶಪುರದ ಹುಡುಗಿಯೊಬ್ಬಳು ದಾರಿ ಹೇಳಿದಳು: "ಹಳ್ಳದಲ್ಲಿ ಹಾವಿದೆ ಅನ್ನೋದು ಕೇಡು ಸಾರ್. ನಾವು ಕತ್ತಲಲ್ಲಿ ಬರಿಗಾಲಲ್ಲಿ ಆ ಹಳ್ಳ ದಾಟ್ತೀವಾ ಅನ್ನೋದು ಅಪಾಯ." ಅಲ್ಲಿಂದ ಕರಡಿನ ಪ್ರತಿ ಸಾಲಿನ ಮುಂದೆ 'ಹಾವು' ಮತ್ತು 'ಹಳ್ಳ' ಅಂತ ಎರಡು ಕಂಬಸಾಲು ಬಂದವು.

ಕಂಪಾಸು ಹಿಡಿದು ಊರು ಅಳೆದದ್ದು

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಓಎಕ್ಸ್5034ಗೆ ಅನುಮತಿ ಕೊಡುವಾಗ ಒಂದು ಷರತ್ತು ಹಾಕಿತ್ತು. ಕೊಳಚೆ ನೀರು ಶುದ್ಧೀಕರಣ ಘಟಕ, ಕಿತ್ತಳೆ ಜಾತಿಯ ಹಣ್ಣಿನ ತೋಟ, ಸೇಬು ಪೇರಳೆಯಂಥ ತೋಟ, ವಾಣಿಜ್ಯ ಮಟ್ಟದ ದನ, ಕೋಳಿ, ಹಂದಿ ಸಾಕಣೆ: ಇವುಗಳಿಂದ 500 ಮೀಟರ್ ಒಳಗೆ ಬಿಡುವಂತಿಲ್ಲ. ಕಾರಣ ಟೆಟ್ರಾಸೈಕ್ಲಿನ್. ಹಣ್ಣಿನ ತೋಟಕ್ಕೆ ಆ ಗುಂಪಿನ ಔಷಧ ಸಿಂಪಡಿಸುತ್ತಾರೆ, ದನ ಕೋಳಿಗೆ ಕೊಡುತ್ತಾರೆ, ನಾವು ನುಂಗಿದ್ದು ಕೊಳಚೆಗೆ ಹೋಗುತ್ತದೆ.

ಗ್ರಾಮ ನಕ್ಷೆ ಹಾಸಿ ಕಂಪಾಸಿನಲ್ಲಿ ವೃತ್ತ ಎಳೆಯಲು ಹೇಳಿದೆ. ಮೊದಲ ವೃತ್ತ ಊರ ಅಂಚಿನ ಕೋಳಿ ಫಾರಂ ಸುತ್ತ. ಎರಡನೆಯದು ಹಾಲಿನ ಡೈರಿಗೆ ದಿನಾ ಎಂಟ್ಹತ್ತು ಹಸುವಿನ ಹಾಲು ಹಾಕುವ ಮನೆಯ ಸುತ್ತ. ಮೂರನೆಯದು, ನಾಲ್ಕನೆಯದು. ಐದನೇ ವೃತ್ತಕ್ಕೆ ಪೆನ್ಸಿಲ್ ಕೆಳಗಿಟ್ಟರು. ಊರೇ ಉಳಿಯಲಿಲ್ಲ. ಬಸ್ ಸ್ಟ್ಯಾಂಡು, ಶಾಲೆ, ಗುಡಿ ಎಲ್ಲ ಯಾವುದಾದರೂ ಒಂದು ವೃತ್ತದೊಳಗೆ.

ಜೋರು ವಾದ ಆಯಿತು. "ಎರಡು ಹಸು ಕಟ್ಟಿದ ಮನೆ ವಾಣಿಜ್ಯ ಸಾಕಣೆ ಆಗುತ್ತಾ?" ಆಗುವುದಿಲ್ಲ, ಷರತ್ತಿನ ಅಕ್ಷರ ನೋಡಿದರೆ. ಆದರೆ ಷರತ್ತಿನ ಉದ್ದೇಶ ನೋಡಿದರೆ? ಫ್ಲಾರಿಡಾದಲ್ಲಿ ದನ ಒಂದು ಕಡೆ, ಜನ ಒಂದು ಕಡೆ. ಇಲ್ಲಿ ಕೊಟ್ಟಿಗೆಯ ಗೋಡೆಯೇ ಅಡುಗೆಮನೆಯ ಗೋಡೆ. ಕೆಚ್ಚಲು ಬಾವು ಬಂದರೆ, ಜ್ವರ ಬಂದರೆ ಹಸುವಿಗೆ ಆಕ್ಸಿಟೆಟ್ರಾಸೈಕ್ಲಿನ್ ಸೂಜಿ ಹೊಸದಲ್ಲ. ಈಡಿಸ್ ಗಂಜಲದ ಗುಂಡಿಯಲ್ಲಿ ಮರಿ ಹಾಕುವುದಿಲ್ಲ ನಿಜ, ಅದಕ್ಕೆ ತಿಳಿನೀರು ಬೇಕು. ಕೊಟ್ಟಿಗೆ ತೊಳೆಯುವ ತೊಟ್ಟಿ ತಿಳಿಯಾಗೇ ಇರುತ್ತದಲ್ಲ? ಇಲ್ಲಿಗೆ ಕಾಗದದ ಕೆಲಸ ಮುಗಿಯಿತು, ಹೊರಡಿ ಅಂದೆ.

ಡ್ರಮ್ಮು

ಜೂನ್ ಎರಡನೇ ವಾರ. ಮಳೆ ಹಿಡಿದಿತ್ತು. ಊರಿನ ಆಶಾ ಕಾರ್ಯಕರ್ತೆ, ಎಲ್ಲರ ಬಾಯಲ್ಲಿ ಆಶಾ ಅಕ್ಕ, ಮುಂದೆ, ನಾವು ಹಿಂದೆ. ಅವರ ಕೈಯಲ್ಲಿ ಟಾರ್ಚು, ಬಗಲಲ್ಲಿ ಲಾರ್ವಾ ಸಮೀಕ್ಷೆಯ ರಿಜಿಸ್ಟರು, ಚೀಲದಲ್ಲಿ ಸೊಳ್ಳೆಮರಿ ಕೊಲ್ಲುವ ಟೆಮಿಫಾಸ್ ಬಾಟಲಿ. ಮನೆ ಮನೆ ತೊಟ್ಟಿ ಇಣುಕಿ ಟಿಕ್ ಹಾಕಿಕೊಂಡು ಹೋಗುತ್ತಿದ್ದರು. ಊರ ಕೊನೆಯ ಮನೆಯಲ್ಲಿ ಶುಂಠಿ ಶೆಡ್ಡಿನ ಹಿಂದೆ ಡ್ರಮ್ಮೊಂದು ನಿಂತಿತ್ತು. ಆಶಾ ಅಕ್ಕ ಅದನ್ನು ದಾಟಿ ಹೋದರು. "ಅದು ಔಷಧಿ ಡ್ರಮ್ಮು ಸಾರ್, ಅದರಲ್ಲಿ ಹುಳ ಆಗಲ್ಲ."

ಹುಡುಗನೊಬ್ಬ ಟಾರ್ಚು ಇಸಕೊಂಡು ಇಣುಕಿದ. ಅರ್ಧ ಡ್ರಮ್ಮು ನೀರು, ಮೇಲೆ ತೇಲುವ ಎರಡು ಸಿಲ್ವರ್ ಓಕ್ ಎಲೆ. ಬೆಳಕು ಬಿದ್ದದ್ದೇ ತಡ, ನೂರಾರು ಮರಿಗಳು ಮೈ ಕುಣಿಸುತ್ತ ತಳಕ್ಕೆ ಇಳಿದವು. ಡ್ರಮ್ಮಿನ ಒಳಗೋಡೆಯ ಮೇಲೆ ಹಳದಿ ಬೂದು ಕರೆಯ ಒಂದು ಗೆರೆ, ಹಳೇ ನೀರು ನಿಂತಿದ್ದ ಮಟ್ಟಕ್ಕೆ. ಶೆಡ್ಡಿನ ತೊಲೆಯ ಸಂದಿಯಲ್ಲಿ ಸಿಕ್ಕಿಸಿಟ್ಟ ಖಾಲಿ ಪಾಕೀಟುಗಳು. ಸ್ಟ್ರೆಪ್ಟೊಸೈಕ್ಲಿನ್, ಆರು ಗ್ರಾಂ. ಬಿತ್ತನೆ ಶುಂಠಿಯನ್ನು ಹಸಿ ಕೊಳೆ ಬರದಿರಲಿ ಅಂತ ಇದರಲ್ಲಿ ಅದ್ದುವುದು ಈ ಕಡೆಯ ಎಲ್ಲ ಶುಂಠಿ ಬೆಳೆಗಾರರಿಗೂ ಗೊತ್ತು. ಪಾಕೀಟಿನ ಮೇಲೆ ಬರೆದದ್ದನ್ನು ಹುಡುಗ ಜೋರಾಗಿ ಓದಿದ: ಸ್ಟ್ರೆಪ್ಟೊಮೈಸಿನ್ ನೂರಕ್ಕೆ ತೊಂಬತ್ತು, ಟೆಟ್ರಾಸೈಕ್ಲಿನ್ ನೂರಕ್ಕೆ ಹತ್ತು.

ಎಲ್ಲರೂ ಒಂದು ಕ್ಷಣ ಸುಮ್ಮನಾದೆವು.

ಯಜಮಾನರು ಬಂದರು. ಎಷ್ಟು ಹಾಕ್ತೀರಿ ಅಂದೆ. "ಅರ್ಧ ಡ್ರಮ್ಮಿಗೆ ಮೂರು ಪಾಕೀಟು ಡಾಕ್ಟ್ರೇ. ಅರ್ಧ ಗಂಟೆ ನೆನಸಿ ನೆಳ್ಳಲ್ಲಿ ಆರಾಕ್ತೀವಿ. ಕೊಳೆ ಬಂದ್ರೆ ಎಕರೆಗೆ ಎಕರೆನೇ ಹೋಯ್ತದೆ, ನಾವೇನ್ ಮಾಡನ." ಬೈಯಲು ಬಂದವರಲ್ಲ ಎಂದು ಗೊತ್ತಾದ ಮೇಲೆ ಕಾಫಿಗೂ ಕರೆದರು.

ಅಲ್ಲೇ ಜಗಲಿಯ ಮೇಲೆ ಲೆಕ್ಕ ಹಾಕಿದೆವು. ಮೂರು ಪಾಕೀಟು ಅಂದರೆ 18 ಗ್ರಾಂ, ಅದರಲ್ಲಿ ಹತ್ತರಲ್ಲೊಂದು ಪಾಲು ಟೆಟ್ರಾಸೈಕ್ಲಿನ್: 1.8 ಗ್ರಾಂ. ಅರ್ಧ ಡ್ರಮ್ಮು 100 ಲೀಟರ್. ಲೀಟರಿಗೆ 18 ಮಿಲಿಗ್ರಾಂ. ಕಾರ್ಖಾನೆಯಲ್ಲಿ ಹಳೇ ತಳಿಯನ್ನು ಬದುಕಿಸಿ ಸಾಕುತ್ತಿದ್ದ ನೀರಿನಲ್ಲಿ 30. ಅದ್ದಿ ಮುಗಿದ ಮೇಲೆ ಡ್ರಮ್ಮು ಬಗ್ಗಿಸುತ್ತಾರೆ, ತಳದಲ್ಲಿ ಐದು ಲೀಟರ್ ಉಳಿಯಿತು ಅನ್ನಿ; ಮೇಲೆ ಮಳೆ ಬಿದ್ದು ಮತ್ತೆ ನೂರು ಲೀಟರಾದರೆ ಲೀಟರಿಗೆ 0.9 ಮಿಲಿಗ್ರಾಂ.

ಹುಡುಗರಿಗೆ ಸಂಭ್ರಮ, ಕಳ್ಳ ಸಿಕ್ಕಿಬಿದ್ದ ಹಾಗೆ. ನಾನು ತಣ್ಣೀರೆರಚಬೇಕಾಯಿತು. ಇದು ಲೆಕ್ಕ, ಅಳತೆಯಲ್ಲ. ಟೆಟ್ರಾಸೈಕ್ಲಿನ್ ಬಿಸಿಲಿಗೆ ಒಡೆಯುತ್ತದೆ, ಮಣ್ಣಿಗೆ ಅಂಟಿಕೊಳ್ಳುತ್ತದೆ. ಮುಚ್ಚಳವಿಲ್ಲದ ಡ್ರಮ್ಮಿನಲ್ಲಿ ತಿಂಗಳು ಕಳೆದ ಮೇಲೆ ಎಷ್ಟು ಉಳಿದೀತು ಎನ್ನುವುದನ್ನು ಪರೀಕ್ಷೆಯೇ ಹೇಳಬೇಕು. ಅದೇ ಡ್ರಮ್ಮಿಗೆ ಶಿಲೀಂಧ್ರನಾಶಕ, ಕೀಟನಾಶಕವೂ ಬಿದ್ದಿರುತ್ತದೆ. ಕಾಣುತ್ತಿರುವ ಮರಿಗಳು ಅದೆಲ್ಲ ಸವೆದ ಮೇಲೆ ಬಂದವು. ಕೀಟನಾಶಕ ಸವೆಯುವ ಹೊತ್ತಿಗೆ ಟೆಟ್ರಾಸೈಕ್ಲಿನ್ನೂ ಸವೆದಿರಬಹುದು, ಸವೆಯದೆಯೂ ಇರಬಹುದು. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಬೆಳೆಗೆ ಈ ಜೋಡಿ ಔಷಧ ಬಳಸುವುದನ್ನು ಹಂತಹಂತವಾಗಿ ನಿಲ್ಲಿಸುವ ಕರಡು ಆದೇಶ ಹೊರಡಿಸಿತ್ತು. ಅದರ ಕಾರಣ ಸೊಳ್ಳೆಯಲ್ಲ, ಆಂಟಿಬಯಾಟಿಕ್‌ಗೆ ಬಗ್ಗದ ರೋಗಾಣುಗಳು. ಆದರೆ ತೊಲೆಯ ಸಂದಿಯಲ್ಲಿ ಪಾಕೀಟು ಇತ್ತಲ್ಲ.

ಆಮೇಲೆ ಮುಖ್ಯ ಪ್ರಶ್ನೆ: ಡ್ರಮ್ಮಿನಲ್ಲಿ ಕೆಲವು ಹೆಣ್ಣುಮರಿ ಬದುಕಿ ಹಾರಿದವು ಅಂತಲೇ ಇಟ್ಟುಕೊಳ್ಳೋಣ. ಅವು ಕಚ್ಚಿದರೆ ಏನು? ನಮ್ಮ ಉತ್ತರ, ಊರಿನ ಹೆಣ್ಣು ಸೊಳ್ಳೆ ಕಚ್ಚಿದರೆ ಆಗುವುದೇ. ಡೆಂಗಿ ವೈರಸ್ ಅದರ ಹೊಟ್ಟೆಯಲ್ಲಿದ್ದರೆ ಡೆಂಗಿ, ಇಲ್ಲದಿದ್ದರೆ ತುರಿಕೆ. ರಾಕ್ಷಸ ಸೊಳ್ಳೆ ಏನೂ ಹುಟ್ಟುವುದಿಲ್ಲ. ಕೇಡು ಇರುವುದು ಬೇರೆ ಕಡೆ. ಸೊಳ್ಳೆ ಕಮ್ಮಿಯಾಗುತ್ತದೆ ಅಂತ ನಂಬಿ ಆಶಾ ಅಕ್ಕ ರಿಜಿಸ್ಟರು ಮುಚ್ಚಿ, ಮನೆಯವರು ತೊಟ್ಟಿ ತೊಳೆಯುವುದು ಬಿಟ್ಟು, ಪಂಚಾಯಿತಿ ಫಾಗಿಂಗ್ ಯಂತ್ರವನ್ನು ಮೂಲೆಗೆ ತಳ್ಳಿ ಕೂತಾಗ, ಸೊಳ್ಳೆ ಕಮ್ಮಿಯೇ ಆಗಿರದಿದ್ದರೆ? ಹೊಸ ರೋಗ ಬರುವುದಲ್ಲ, ಹಳೇ ರೋಗ ಹೋಗದಿರುವುದೇ ಈ ಕಡತದ ದೊಡ್ಡ ಅಪಾಯ. ಇದನ್ನು ನಾನು ಎರಡು ಸಲ ಬರೆಸಿದೆ.

ಎರಡನೇ ಸೊಳ್ಳೆ

ಅಂದೇ ಸಂಜೆ ತೋಟದ ಅಂಚಿನಲ್ಲಿ ಬಿದ್ದ ಅಡಿಕೆ ಹಾಳೆಗಳಲ್ಲಿ ನಿಂತ ನೀರಿನಿಂದಲೂ ಮರಿ ಹಿಡಿದು ಬಾಟಲಿಯಲ್ಲಿಟ್ಟೆವು. ನಾಲ್ಕೈದು ದಿನಕ್ಕೆ ರೆಕ್ಕೆ ಬಂತು. ಮನೆಯ ಡ್ರಮ್ಮಿನವು ಬೆನ್ನ ಮೇಲೆ ವೀಣೆಯಂಥ ಬಿಳಿ ಗುರುತಿನ ಈಡಿಸ್ ಈಜಿಪ್ಟೈ. ಹಾಳೆಯವು ನಡುಬೆನ್ನಿಗೆ ಒಂದೇ ಬಿಳಿ ಗೆರೆಯ ಈಡಿಸ್ ಆಲ್ಬೋಪಿಕ್ಟಸ್. ಕುಲಾಂತರಿ ಗಂಡು ಹುಡುಕಿಕೊಂಡು ಹೋಗುವುದು ತನ್ನ ಜಾತಿಯ ಹೆಣ್ಣನ್ನು. ತೋಟದ ಸೊಳ್ಳೆಯ ತಂಟೆಗೆ ಅದು ಹೋಗುವುದಿಲ್ಲ. ಆಲ್ಬೋಪಿಕ್ಟಸ್ ಕೂಡ ಡೆಂಗಿ, ಚಿಕೂನ್‌ಗುನ್ಯಾ ಎರಡನ್ನೂ ಹರಡಬಲ್ಲದು. 2006ರಲ್ಲಿ ಚಿಕೂನ್‌ಗುನ್ಯಾ ಬಂದು ಮಂಡಿ ಹಿಡಿದು ನಡೆದವರು ಈ ಊರಲ್ಲಿ ಈಗಲೂ ಇದ್ದಾರೆ. ಮನೆಯ ಸೊಳ್ಳೆ ಖಾಲಿ ಮಾಡಿಕೊಟ್ಟ ಡ್ರಮ್ಮಿಗೆ ತೋಟದ ಸೊಳ್ಳೆ ಬಂದು ಕೂರುತ್ತದೆಯೇ? ಮಲೆನಾಡ ಸೆರಗಿನ ಊರಿಗೆ ಇದು ಕೇಳಲೇಬೇಕಾದ ಪ್ರಶ್ನೆ. ಬಯಲುಸೀಮೆಯ ಅರಸೀಕೆರೆ ಕಡೆಯಾದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಬ್ರೆಜಿಲ್‌ನ ಜಾಕೊಬಿನಾ ಪಟ್ಟಣದ ಕತೆಯನ್ನೂ ಹುಡುಗರು ಎಳೆದು ತಂದರು, ಯಾಕೆಂದರೆ ಅಂತರ್ಜಾಲದಲ್ಲಿ ಭಯ ಹುಟ್ಟಿಸುವುದು ಅದೇ. ಅಲ್ಲಿ 2013ರಿಂದ 2015ರವರೆಗೆ 27 ತಿಂಗಳು ವಾರಕ್ಕೆ ಸುಮಾರು ನಾಲ್ಕೂವರೆ ಲಕ್ಷ ಓಎಕ್ಸ್513ಎ ಗಂಡುಗಳನ್ನು ಬಿಟ್ಟಿದ್ದರು. ಮರಿಗಳೆಲ್ಲ ಸಾಯಬೇಕಿತ್ತು, ಆದರೆ ಪ್ರಯೋಗಾಲಯದಲ್ಲೇ ನೂರಕ್ಕೆ ಮೂರ್ನಾಲ್ಕು ಉಳಿಯುವುದು ಗೊತ್ತಿದ್ದ ವಿಷಯ. ಬಿಟ್ಟ ತಳಿಯ ವಂಶವಾಹಿಯ ತುಣುಕುಗಳು ಊರಿನ ಸೊಳ್ಳೆಗಳಲ್ಲಿ ಸೇರಿಕೊಂಡಿವೆ ಎಂದು 2019ರಲ್ಲಿ ಒಂದು ಪ್ರಬಂಧ ಬಂತು. ಸೇರಿದ್ದು ತಳಿಯ ಹಿನ್ನೆಲೆಯ ಸಾಮಾನ್ಯ ಜೀನುಗಳು, ಮಾರ್ಪಡಿಸಿ ಕೂರಿಸಿದ ಜೀನಲ್ಲ. ಸೊಳ್ಳೆ ಇನ್ನಷ್ಟು ಗಟ್ಟಿಯಾಗಿರಬಹುದು ಎಂಬ ಊಹೆಯನ್ನೂ ಅದರಲ್ಲಿ ಬರೆದಿದ್ದರು. ಮುಂದಿನ ವರ್ಷ ಆ ಪತ್ರಿಕೆಯೇ ಪ್ರಬಂಧದ ಬಗ್ಗೆ ಆತಂಕದ ಟಿಪ್ಪಣಿ ಹಾಕಿತು. ನನಗೆ ಇದರಲ್ಲಿ ಕಂಡದ್ದು ಎರಡೂ ಕಡೆಯವರ ಅವಸರ. ನಮ್ಮ ಟಿಪ್ಪಣಿಗೆ ಇದರಿಂದ ಬಂದದ್ದು ಒಂದೇ ಸಾಲು: ಬಿಡುವ ತಳಿ ಫಾಗಿಂಗ್ ಔಷಧಕ್ಕೆ ಸಾಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ. ಔಷಧಕ್ಕೆ ಬಗ್ಗದ ಜೀನು ಸೇರಿಕೊಂಡರೆ ನಷ್ಟ ನಮಗೆ.

ಎಲ್ಲ ಸರಿಯಾಗಿ ನಡೆದರೂ ಒಂದು ತೊಂದರೆ ಇದೆ, ಅದನ್ನು ಯಾವ ಹುಡುಗನೂ ಊಹಿಸಿರಲಿಲ್ಲ. ಸಿಂಗಪುರದಲ್ಲಿ ದಶಕಗಳ ಕಾಲ ಸೊಳ್ಳೆಯನ್ನು ಚೆನ್ನಾಗಿ ಹಿಡಿತದಲ್ಲಿಟ್ಟರು. ಹಾಗಾಗಿ ಡೆಂಗಿಯೇ ತಗುಲದ, ರೋಗನಿರೋಧಕ ಶಕ್ತಿಯಿಲ್ಲದ ಜನ ಹೆಚ್ಚಾದರು, ಆಮೇಲೆ ಕಡಿಮೆ ಸೊಳ್ಳೆಯಲ್ಲೇ ದೊಡ್ಡ ಹಾವಳಿಗಳು ಬಂದವು, ದೊಡ್ಡವರಲ್ಲೂ. ಹಾಗಾಗಿ ಮೂರು ವರ್ಷ ಬಿಟ್ಟು ದುಡ್ಡು ಮುಗಿಯಿತು ಅಂತ ನಿಲ್ಲಿಸುವ ಯೋಜನೆ, ಶುರುವೇ ಮಾಡದ ಯೋಜನೆಗಿಂತ ಕೆಟ್ಟದ್ದಾಗಬಹುದು. ಅರ್ಜಿದಾರರು ಎಷ್ಟು ವರ್ಷದ ಹಣ ಇಟ್ಟಿದ್ದಾರೆ ಎನ್ನುವುದೂ ಆರೋಗ್ಯದ ಪ್ರಶ್ನೆಯೇ.

ಇನ್ನು ಲಾಭದ ಬದಿ. ಕುಲಾಂತರಿ ಸೊಳ್ಳೆ ಬಿಟ್ಟ ಕಡೆ ಸೊಳ್ಳೆ ಕಮ್ಮಿಯಾದ ಲೆಕ್ಕಗಳಿವೆ. ಸೊಳ್ಳೆ ಕಮ್ಮಿಯಾಯಿತು ಎನ್ನುವುದೂ ಜ್ವರ ಕಮ್ಮಿಯಾಯಿತು ಎನ್ನುವುದೂ ಒಂದೇ ಅಲ್ಲ. ಕುಲಾಂತರಿಯಲ್ಲದ ದಾರಿಯೂ ಇದೆ, ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸೇರಿಸಿದ ಸೊಳ್ಳೆ. ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ಅದನ್ನು ಬಿಟ್ಟ ಬಡಾವಣೆಗಳಲ್ಲಿ ಡೆಂಗಿಯೇ 77 ಶೇಕಡಾ ಕಮ್ಮಿಯಾದದ್ದು 2021ರಲ್ಲಿ ಪ್ರಕಟವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪುದುಚೇರಿ ಸಂಸ್ಥೆ ಅಂಥ ತಳಿಗಳನ್ನು ಬೆಳೆಸಿದ್ದನ್ನು 2022ರಲ್ಲಿ ಹೇಳಿತು. ಜನರ ಮೇಲೆ ಅಪಾಯ ಹೊರಿಸುವ ಮುನ್ನ ಬೇರೆ ದಾರಿ ಏನಿದೆ ಎಂದು ನೋಡದ ಅಧ್ಯಯನ ಅಧ್ಯಯನವೇ ಅಲ್ಲ.

ಜಗಲಿ ಕಟ್ಟೆಯ ಪ್ರಶ್ನೆಗಳು

ಅಂಗನವಾಡಿ ಮುಂದೆ ಒಂದು ಸಂಜೆ ಜನ ಸೇರಿಸಿದ್ದೆವು. ಇದು ಬರೀ ಪಾಠ, ಸೊಳ್ಳೆ ಯಾರೂ ಬಿಡಲ್ಲ ಎಂದು ಮೊದಲೇ ಹೇಳಿದರೂ ಅರ್ಧ ಜನ ನಂಬಿದಂತೆ ಕಾಣಲಿಲ್ಲ.

ಅಜ್ಜಿಯೊಬ್ಬರು ಎಲೆ ಅಡಿಕೆ ಜಗಿಯುತ್ತಾ ಕೇಳಿದರು: "ಗಂಡು ಸೊಳ್ಳೆ ಕಚ್ಚಕಿಲ್ಲ ಅಂತೀರಲ್ಲ ಮಗ, ಹಾರಾಡದ್ನ ಹಿಡ್ದು ಗಂಡೋ ಹೆಣ್ಣೋ ನಾನ್ ಹೆಂಗ್ ನೋಡ್ಲಿ?" ಎಲ್ಲರೂ ನಕ್ಕರು. ನಗುವ ಪ್ರಶ್ನೆಯಲ್ಲ ಅದು. ಬಿಟ್ಟ ಮೇಲೆ ಊರಲ್ಲಿ ಸೊಳ್ಳೆ ಜಾಸ್ತಿಯಾಗಿ ಕಾಣುತ್ತದೆ, ಅದೇ ವಾರ ಯಾರಿಗಾದರೂ ಜ್ವರ ಬಂದರೆ ಕಾರಣ ಬಿಟ್ಟ ಸೊಳ್ಳೆಯೇ ಎಂದು ಊರು ತೀರ್ಮಾನಿಸುತ್ತದೆ. ಹಾಗಾಗಿ ಬಿಡುವ ಮುಂಚಿನ ಎರಡು ಮಳೆಗಾಲದ ಜ್ವರದ ಲೆಕ್ಕ ಕೈಯಲ್ಲಿರಬೇಕು, ಬರೀ ಸಂಶಯಿತ ಅಲ್ಲ, ರಕ್ತಪರೀಕ್ಷೆಯಲ್ಲಿ ಖಚಿತವಾದದ್ದು.

ಗ್ರಾಮ ಪಂಚಾಯಿತಿ ಸದಸ್ಯರು ಕೇಳಿದ್ದು: "ನಾನ್ ಒಬ್ಬ ಬ್ಯಾಡ ಅಂದ್ರೆ ನಮ್ ಮನೆಗೆ ಬರ್ದಂಗೆ ಬೇಲಿ ಹಾಕ್ತೀರಾ?" ಔಷಧ ಪ್ರಯೋಗವಾದರೆ ಬೇಡ ಎಂದವನಿಗೆ ಮಾತ್ರೆ ಕೊಡುವುದಿಲ್ಲ. ಸೊಳ್ಳೆಗೆ ಹಾಗಿಲ್ಲ. ಫ್ಲಾರಿಡಾದಲ್ಲಿ 2016ರ ನವೆಂಬರಿನಲ್ಲಿ ಮತ ಹಾಕಿಸಿದಾಗ ಇಡೀ ಕೌಂಟಿ ಒಪ್ಪಿತು, ಸೊಳ್ಳೆ ಬಿಡಬೇಕಿದ್ದ ಕೀ ಹೇವನ್‌ನವರು ಬೇಡ ಎಂದರು. ಅಲ್ಲಿ ಬಿಡಲಿಲ್ಲ. ನಮ್ಮಲ್ಲಿ ಗ್ರಾಮಸಭೆ ಇದೆ, ಆದರೆ ಸಭೆಗೆ ಬಾರದವರ ಪಾಡು? ಎಸ್ಟೇಟ್ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದ ಕೂಲಿಯವರಿದ್ದಾರೆ, ಕನ್ನಡ ಬಾರದು, ಮತದಾರರ ಪಟ್ಟಿಯಲ್ಲಿಲ್ಲ. ತೋಟದೊಳಗೆ ಹಗಲೆಲ್ಲ ಕಚ್ಚಿಸಿಕೊಳ್ಳುವವರು ಅವರೇ. ಅಂದಿನ ಸಭೆಗೆ ಅವರನ್ನು ಕರೆಯಬೇಕೆಂದು ನನಗೂ ಹೊಳೆದಿರಲಿಲ್ಲ. ಇದು ನನ್ನ ತಪ್ಪು.

ಮೂರನೇ ಪ್ರಶ್ನೆ ಶುಂಠಿ ಯಜಮಾನರದು: "ಜ್ವರ ಜಾಸ್ತಿ ಆದ್ರೆ ನಿಲ್ಸೋರ್ಯಾರು? ಯಾವಾಗ ನಿಲ್ಸದು ಅಂತ ಮೊದ್ಲೇ ಬರೀತೀರಾ?" ಕಂಪನಿಗಳ ಕಡತದಲ್ಲಿ ಪೆಟ್ಟಿಗೆ ಎಲ್ಲೆಲ್ಲಿ ಇಡುತ್ತೇವೆ ಅಂತ ಇರುತ್ತದೆ, ಯಾವಾಗ ಎತ್ತುತ್ತೇವೆ ಎನ್ನುವುದು ಊರಿನವರಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು.

ಅಪನಂಬಿಕೆಗೂ ಚರಿತ್ರೆ ಇದೆ. 1970ರ ದಶಕದ ಆರಂಭದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ ಸೇರಿ, ಅಮೆರಿಕದ ಹಣದಲ್ಲಿ, ದೆಹಲಿಯಲ್ಲಿ ಸೊಳ್ಳೆಗಳ ತಳಿ ನಿಯಂತ್ರಣ ಘಟಕ ನಡೆಸಿದವು. ಇದರ ಹಿಂದೆ ಜೈವಿಕ ಯುದ್ಧದ ಅಧ್ಯಯನವಿದೆ ಎಂಬ ಆರೋಪ ಪತ್ರಿಕೆಗಳಲ್ಲಿ ಬಂತು, ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಕಟುವಾಗಿ ಬರೆಯಿತು, ಹರಿಯಾಣದ ಸೋನಿಪತ್‌ನಲ್ಲಿ ಬಿಡಬೇಕೆಂದಿದ್ದ ಈಡಿಸ್ ಸೊಳ್ಳೆಗಳನ್ನು ಬಿಡದೆಯೇ 1975ರಲ್ಲಿ ಘಟಕ ಮುಚ್ಚಿತು. ವಿಜ್ಞಾನ ಸರಿಯೋ ತಪ್ಪೋ ಎನ್ನುವ ಚರ್ಚೆ ನಡೆಯುವ ಮೊದಲೇ ವಿಶ್ವಾಸ ಮುಗಿದಿತ್ತು. ಅದಕ್ಕೆ ಉಲ್ಟಾ ಉದಾಹರಣೆ ಗ್ಯಾಂಬೂಸಿಯಾ ಮೀನು. 1928ರಲ್ಲಿ ಹೊರದೇಶದಿಂದ ಬಂದ ಆ ಮೀನನ್ನು ಕೆರೆ ಬಾವಿಗೆ ಬಿಡುವಾಗ ಯಾರೂ ಯಾರನ್ನೂ ಕೇಳಲಿಲ್ಲ; ಊರಿನ ಮೀನುಗಳಿಗೆ ಅದು ಕಂಟಕ ಎನ್ನುವುದು ಎಷ್ಟೋ ಕಾಲದ ಮೇಲೆ ಗೊತ್ತಾಯಿತು. ಕುಲಾಂತರಿ ಅಂದರೆ ಬೆಚ್ಚುವ ನಾವು ಮೀನು ಅಂದರೆ ಚಪ್ಪಾಳೆ ತಟ್ಟುತ್ತೇವೆ.

ಟಿಪ್ಪಣಿ

ಆರನೇ ವಾರ ಹುಡುಗರು ಕೊಟ್ಟದ್ದು ಮೂರೂವರೆ ಪುಟ. ಮೊದಲ ಕರಡಿನ ಎರಡು ಪುಟ ಅಲರ್ಜಿ ಭಯ ಈಗ ಐದು ಸಾಲು. ಬಯಲು ಬಿಡುಗಡೆಗೆ ಈಗ ಒಪ್ಪಿಗೆ ಬೇಡ, ಅರ್ಜಿ ತಿರಸ್ಕರಿಸುವುದೂ ಬೇಡ, ವಾಪಸ್ ಕಳಿಸಿ ಅಂತ ಬರೆದಿದ್ದರು. ವಾಪಸ್ ಕಳಿಸುವಾಗ ಕೇಳಬೇಕಾದ್ದರಲ್ಲಿ ಮೊದಲನೆಯದು ಡ್ರಮ್ಮು: ಬಿತ್ತನೆ ಕಾಲದ ಏಪ್ರಿಲ್ ಮೇಯಿಂದ ಮಳೆಗಾಲ ಮುಗಿಯುವವರೆಗೆ ಶುಂಠಿ ಡ್ರಮ್ಮು, ಕೊಟ್ಟಿಗೆ ತೊಟ್ಟಿಗಳ ನೀರಿನಲ್ಲಿ ಟೆಟ್ರಾಸೈಕ್ಲಿನ್ ಎಷ್ಟಿದೆ ಎಂದು ಅಳೆದು ಕೊಡಿ, ಅದೇ ನೀರಿನಲ್ಲಿ ನಿಮ್ಮ ತಳಿಯ ಹೆಣ್ಣುಮರಿ ಎಷ್ಟು ಬದುಕುತ್ತದೆ ಎಂದು ಪಂಜರದೊಳಗೆ ತೋರಿಸಿ. ಎರಡನೆಯದು ಆಲ್ಬೋಪಿಕ್ಟಸ್ ಲೆಕ್ಕ, ಬಿಡುವ ಮೊದಲೂ ಬಿಟ್ಟ ಮೇಲೂ. ಆಮೇಲೆ ಖಚಿತ ಡೆಂಗಿ ಪ್ರಕರಣಗಳ ಹಿಂದಿನ ದಾಖಲೆ, ನಿಲ್ಲಿಸುವ ನಿಯಮ ಕನ್ನಡದಲ್ಲಿ, ಲೈನ್ ಮನೆಯವರಿಗೆ ಅವರ ಭಾಷೆಯಲ್ಲಿ. ಸೊಳ್ಳೆ ಬಿಟ್ಟಿರಲಿ ಬಿಡದಿರಲಿ ಆಶಾ ಕಾರ್ಯಕರ್ತೆಯರ ಲಾರ್ವಾ ಸಮೀಕ್ಷೆ ಒಂದು ವಾರವೂ ನಿಲ್ಲಬಾರದು ಎನ್ನುವ ಸಾಲಿನ ಕೆಳಗೆ ಗೆರೆ ಎಳೆದಿದ್ದರು.

500 ಮೀಟರ್ ಷರತ್ತಿನ ಬಗ್ಗೆ ಐವರಲ್ಲಿ ಒಮ್ಮತ ಬರಲಿಲ್ಲ. ಮೂವರು ಅದನ್ನು ಹಾಗೇ ಇಡಬೇಕು ಅಂದರು, ಇಬ್ಬರು ಇಲ್ಲಿಗೆ ಅದು ಹೊಂದುವುದಿಲ್ಲ, ದೂರದ ಬದಲು ನೀರನ್ನೇ ಅಳೆಯಬೇಕು ಅಂದರು. ಎರಡೂ ಅಭಿಪ್ರಾಯ ಹಾಗೇ ಇರಲಿ ಅಂತ ಸಹಿ ಹಾಕಿದೆ. ನಾನು ಆ ಇಬ್ಬರ ಕಡೆ.

ಆಶಾ ಅಕ್ಕನ ರಿಜಿಸ್ಟರಿನಲ್ಲಿ ತೊಟ್ಟಿ, ಡ್ರಮ್ಮು, ಟೈರು, ತೆಂಗಿನ ಚಿಪ್ಪು ಅಂತ ಅಚ್ಚಾದ ಕಂಬಸಾಲುಗಳಿವೆ. ಮುಂದಿನ ತಿಂಗಳು ಹೋದಾಗ ಕೊನೆಯ ಕಂಬಸಾಲಿನ ಪಕ್ಕ ಪೆನ್ನಿನಲ್ಲಿ ಗೆರೆ ಎಳೆದು ಅವರೇ ಒಂದು ಹೊಸ ಕಂಬಸಾಲು ಮಾಡಿಕೊಂಡಿದ್ದರು: ಔಷಧಿ ಡ್ರಮ್ಮು.